ಅರ್ಧ ಸುತ್ತು ಮುಂದಕ್ಕೆ

ಹೋದ ತಿಂಗಳು ಭದ್ರಾವತಿಯ ಹಳೇನಗರದಲ್ಲಿ, ಒಂದು ಕಾಲಕ್ಕೆ ನಮ್ಮ ಪಕ್ಕದ ಮನೆಯವರಾಗಿದ್ದ ಹಿರಿಯರೊಬ್ಬರ ಹನ್ನೊಂದನೆಯ ದಿನದ ಕಾರ್ಯಕ್ಕೆ ಹೋಗಿದ್ದೆ. ಊಟಕ್ಕೆ ಎಲೆ ಹಾಕುವ ಮುಂಚೆ ಕಾರ್ಖಾನೆಯ ಹಳೆಯ ಸಹೋದ್ಯೋಗಿಯೊಬ್ಬರು ಎದ್ದು ನಿಂತು ನಾಲ್ಕು ಮಾತಾಡಿದರು. ಬಹಳ ಧೈರ್ಯವಂತ ಮನುಷ್ಯ, ಯಾವುದಕ್ಕೂ ಹೆದರಿದವರಲ್ಲ ಎಂದರು. ಸತ್ತವರ ಬಗ್ಗೆ ಹಾಗೆ ಹೇಳುವುದು ವಾಡಿಕೆ, ತಪ್ಪೇನಿಲ್ಲ. ಆದರೆ ನನಗೆ ಕೂತಲ್ಲೇ ಕಸಿವಿಸಿಯಾಯಿತು. ಅವರಷ್ಟು ಹೆದರುತ್ತಿದ್ದ ಮನುಷ್ಯನನ್ನು ನಾನು ಕಂಡಿಲ್ಲ, ನನ್ನ ಮನೆಯ ಕನ್ನಡಿಯಲ್ಲಿ ಕಾಣುವವನೊಬ್ಬನನ್ನು ಬಿಟ್ಟು. ಅಷ್ಟು ಜನರ ಮುಂದೆ ಎದ್ದು ನಿಂತು ಇದನ್ನು ಹೇಳುವ ಧೈರ್ಯ ನನಗಿರಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಆಗ ನಾವು ಕಾಗದನಗರದ ಕ್ವಾರ್ಟರ್ಸ್‌ನಲ್ಲಿದ್ದೆವು. ನಾನು ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಗುಮಾಸ್ತ, ಯಾರು ಎಷ್ಟು ಹೊತ್ತಿಗೆ ಗೇಟಿನೊಳಗೆ ಬಂದರು ಎಂದು ಬರೆದಿಡುವವನು. ಅವರು ಮೇಂಟೆನೆನ್ಸ್‌ನಲ್ಲಿ ಫಿಟ್ಟರ್. ಎರಡು ಮನೆಗಳಿಗೂ ನಡುವೆ ಒಂದೇ ಗೋಡೆ. ಅವರ ಮನೆಯ ಒಗ್ಗರಣೆಗೆ ನಮ್ಮ ಮನೆಯಲ್ಲಿ ಸೀನುತ್ತಿದ್ದೆವು. ಸಾಲಿನವರಿಗೆಲ್ಲ ಅವರು ‘ಫಿಟ್ಟರಣ್ಣ’. ಅವರ ಹೆಂಡತಿ ಕೂಡ ‘ನಮ್ಮ ಫಿಟ್ಟರು’ ಎಂದೇ ಹೇಳುತ್ತಿದ್ದರು. ಕುಳ್ಳಗಿನ ಆಳು, ದಪ್ಪ ಮಣಿಕಟ್ಟು, ಬೇರೆಯವರು ಪೆನ್ನು ಇಟ್ಟುಕೊಳ್ಳುವ ಜೇಬಿನಲ್ಲಿ ಒಂದು ಹಿಡಿ ಕಾಟನ್ ವೇಸ್ಟು. ಏನನ್ನೇ ಮುಟ್ಟುವ ಮೊದಲು ಆ ನೂಲಿನ ಉಂಡೆಯಲ್ಲಿ ಕೈ ಒರೆಸಿಕೊಳ್ಳಬೇಕು, ದೇವಸ್ಥಾನದ ಪ್ರಸಾದವಾದರೂ ಸರಿಯೇ.

ನವುಲೆಯಲ್ಲಿ ನನ್ನ ಷಡ್ಡಕನ ಮಗಳ ಮದುವೆಗೆ ಅವರನ್ನೂ ಕರೆದುಕೊಂಡು ಹೋಗಿದ್ದೆ. ಕೂರುವ ಮೊದಲು ಕಬ್ಬಿಣದ ಕುರ್ಚಿಯನ್ನು ತಲೆಕೆಳಗು ಮಾಡಿ ಅದರ ಬೋಲ್ಟನ್ನು ಬೆರಳಲ್ಲೇ ಬಿಗಿ ಮಾಡಿದರು. ಆಮೇಲೆ ಪಕ್ಕದ ಕುರ್ಚಿ. ಆಮೇಲೆ ಅದರ ಪಕ್ಕದ್ದು. ಬಿಟ್ಟಿದ್ದರೆ ಮಂಟಪದವರೆಗೂ ಹೋಗುತ್ತಿದ್ದರೇನೋ. ಅವರ ಹೆಂಡತಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, “ಮದುವೆಗೆ ಬಂದಿದೀರೋ, ಡ್ಯೂಟಿಗೆ ಬಂದಿದೀರೋ?” ಎಂದು ಗದರಿದರು.

“ಲೂಸಿದೆ ಮಾರಾಯ್ತಿ. ಯಾರಾದ್ರೂ ಬಿದ್ರೆ?” ಎಂದರು ಇವರು.

ಯಾರಾದರೂ ಬಿದ್ದರೆ, ಏನಾದರೂ ಕಳಚಿದರೆ, ಎಲ್ಲಾದರೂ ಸಿಕ್ಕಿಕೊಂಡರೆ. ಅವರ ತಲೆಯಲ್ಲಿ ಯಾವಾಗಲೂ ಇದೇ ಓಡುತ್ತಿತ್ತು. ಒಂದು ಸಲ ಎರಡೂ ಮನೆಯವರು ತ್ಯಾವರೆಕೊಪ್ಪದ ಸಿಂಹಧಾಮಕ್ಕೆ ಹೋಗಿದ್ದೆವು. ವ್ಯಾನು ಹತ್ತಿದವರೇ ಕಿಟಕಿಯ ಜಾಲರಿಯ ಒಂದೊಂದು ನಟ್ಟನ್ನೂ ಬೆರಳಲ್ಲಿ ಒತ್ತಿ ನೋಡಿದರು. ಎಲ್ಲ ಬಿಗಿಯಾಗಿಯೇ ಇದ್ದವು. ಆದರೂ ಸಿಂಹ ಪಕ್ಕದಲ್ಲಿ ಹಾದುಹೋಗುವಾಗ ಜಾಲರಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದರು. ಸಿಂಹವನ್ನು ಅವರು ನೋಡಲೇ ಇಲ್ಲ. ಹೆದರಿಕೆಯಾ ಎಂದು ನಾನು ಕಿಚಾಯಿಸಿದೆ. ಅವರು ನಗಲಿಲ್ಲ. “ಹೆದರಿಕೆ ಇರ್ಬೇಕು ಸಾರ್. ಇಪ್ಪತ್ತೆಂಟು ವರ್ಷ ಮಷೀನಿನ ಬಾಯಲ್ಲಿ ಕೈ ಇಟ್ಟಿದೀನಿ. ನೋಡಿ, ಹತ್ತೂ ಇದಾವೆ” ಎಂದು ಎರಡೂ ಕೈಯ ಬೆರಳುಗಳನ್ನು ಬಿಡಿಸಿ ತೋರಿಸಿದರು.

ಇನ್ನು ನನ್ನ ಮಗಳ ವಿಷಯ. ಒಂದೂವರೆ ವರ್ಷದವಳಿದ್ದಾಗ ಜಗುಲಿಯ ಮೆಟ್ಟಿಲಿನಿಂದ ಗದ್ದ ಊರಿ ಬಿದ್ದಳು. ಆಗ ಅವಳನ್ನು ನೋಡಿಕೊಳ್ಳುತ್ತಿದ್ದವನು ನಾನೇ. ಗದ್ದಕ್ಕೆ ಎರಡು ಹೊಲಿಗೆ ಹಾಕಿಸಿ, ದೃಷ್ಟಿ ತೆಗೆಸಿ, ಮರೆತುಬಿಟ್ಟೆವು. ಪೆಟ್ಟು ಬಿದ್ದದ್ದು ಗದ್ದಕ್ಕಾದರೂ ಕೆಟ್ಟದ್ದು ಕಿವಿಯ ಮುಂದಿರುವ ದವಡೆಯ ಕೀಲು ಎಂದು ಗೊತ್ತಾಗುವ ಹೊತ್ತಿಗೆ ವರ್ಷಗಳೇ ಕಳೆದಿದ್ದವು. ಎರಡೂ ಕಡೆಯ ಕೀಲು ಮೆಲ್ಲಗೆ ಅಂಟಿಕೊಂಡು, ಕೆಳದವಡೆ ಬೆಳೆಯುವುದನ್ನೇ ನಿಲ್ಲಿಸಿತ್ತು. ಎಂಟು ವರ್ಷದ ಹುಡುಗಿಯ ಗದ್ದ ಕುತ್ತಿಗೆಗೆ ಹೋಗಿ ಸೇರಿತ್ತು. ಬಾಯಿ ಒಂದು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. ಹಲ್ಲಿನ ಸಂದಿಯಿಂದಲೇ ಗಂಜಿ, ಹಲ್ಲಿನ ಸಂದಿಯಿಂದಲೇ ಮಾತು. ಶಾಲೆಯಲ್ಲಿ ಗಿಣಿ ಎನ್ನುತ್ತಿದ್ದರು. ಅದಕ್ಕೆ ಅವಳು ಅತ್ತಳು, ನಾವೂ ಅತ್ತೆವು. ಆದರೆ ನಾವು ಹೆದರಿದ್ದು ಅದಕ್ಕಲ್ಲ.

ಹೆದರಿದ್ದು ಅವಳ ನಿದ್ದೆಗೆ. ದವಡೆ ಗಿಡ್ಡವಾದ್ದರಿಂದ ಮಲಗಿದರೆ ನಾಲಿಗೆ ಹಿಂದಕ್ಕೆ ಜಾರಿ ಗಂಟಲನ್ನು ಮುಚ್ಚುತ್ತಿತ್ತು. ಅಷ್ಟು ಪುಟ್ಟ ಹುಡುಗಿ ದೊಡ್ಡ ಗಂಡಸಿನ ಹಾಗೆ ಗೊರಕೆ ಹೊಡೆಯುವಳು, ಇದ್ದಕ್ಕಿದ್ದಂತೆ ಗೊರಕೆ ನಿಲ್ಲುವುದು, ಜೊತೆಗೆ ಉಸಿರೂ. ಟೈಮ್ ಆಫೀಸಿನವನಲ್ಲವೇ, ನಾನು ಎಣಿಸುತ್ತಿದ್ದೆ. ಹತ್ತು, ಹನ್ನೆರಡು, ಹದಿನೈದು. ಆಮೇಲೆ ಮೈಯೆಲ್ಲ ಅದುರಿ, ನೀರಿನಿಂದ ಮೇಲೆ ಬಂದವಳ ಹಾಗೆ ಉಸಿರೆಳೆದುಕೊಳ್ಳುವಳು. ಒಂದು ದಿನ ಆ ಎಣಿಕೆ ಮುಗಿಯದೇ ಹೋದರೆ ಎಂಬುದೊಂದೇ ನನ್ನ ಯೋಚನೆಯಾಗಿತ್ತು. ಹೆಂಡತಿಯ ಹತ್ತಿರವೂ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ.

ಬಾಯಿಬಿಟ್ಟು ಹೇಳಿದವರು ಪಕ್ಕದ ಮನೆಯ ಫಿಟ್ಟರಣ್ಣ. ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ನನ್ನನ್ನು ತಡೆದು, “ಸಾರ್, ತಪ್ಪು ತಿಳ್ಕೋಬೇಡಿ. ಗೋಡೆ ಆಚೆ ಮಗೂದು ಕೇಳಿಸ್ತದೆ. ನಡುವೆ ನಿಂತುಬಿಡ್ತದಲ್ಲ ಸಾರ್” ಎಂದರು. ಅವರಿಗೆ ಸದ್ದಿನ ಹುಚ್ಚು. ಕಾರ್ಖಾನೆಯಲ್ಲಿ ಸ್ಕ್ರೂಡ್ರೈವರಿನ ತುದಿಯನ್ನು ಮಷೀನಿಗಿಟ್ಟು ಹಿಡಿಯನ್ನು ಕಿವಿಗೊತ್ತಿ, ಒಳಗಿನ ಬೇರಿಂಗ್ ಎಷ್ಟು ದಿನ ಬಾಳುತ್ತದೆಂದು ಹೇಳಬಲ್ಲವರು. “ಯಾವ ಸದ್ದಾದ್ರೂ ಇರ್ಲಿ, ಇದ್ದಕ್ಕಿದ್ದಂಗೆ ನಿಲ್ಲಬಾರ್ದು. ನಿಂತ್ರೆ ನಾನು ಎದ್ದು ಕೂತು ಕಾಯ್ತೀನಿ, ಮತ್ತೆ ಯಾವಾಗ ಶುರುವಾಗ್ತದೆ ಅಂತ. ದೊಡ್ಡ ಡಾಕ್ಟ್ರಿಗೆ ತೋರ್ಸಿ ಸಾರ್” ಎಂದರು. ಅಂದರೆ ಗೋಡೆಯ ಆ ಕಡೆ ಅವರೂ ಎಣಿಸುತ್ತಿದ್ದರು.

ಶಿವಮೊಗ್ಗದಲ್ಲಿ ಆಗಷ್ಟೇ ದವಡೆಯ ಸರ್ಜನ್ ಒಬ್ಬರು ಬಂದಿದ್ದರು. ಇನ್ನೂ ಚಿಕ್ಕ ವಯಸ್ಸು, ತಾಳ್ಮೆಯಿಂದ ವಿವರಿಸುವವರು. ದವಡೆಯ ಮೂಳೆಯನ್ನು ಎರಡೂ ಕಡೆ ಕತ್ತರಿಸಿ, ಆ ಸೀಳಿನ ಹಿಂದೆ ಮುಂದೆ ಕೆನ್ನೆಯ ಚರ್ಮದ ಮೂಲಕ ಸ್ಟೀಲಿನ ಕಡ್ಡಿಗಳನ್ನು ಕೂರಿಸಿ, ಹೊರಗಡೆ ಅವುಗಳಿಗೆ ಒಂದು ತಿರುಪಿನ ಸಲಾಕೆ ಜೋಡಿಸುತ್ತಾರೆ. ಐದು ದಿನ ಸುಮ್ಮನಿರಬೇಕು. ಆಮೇಲೆ ದಿನಾ ಬೆಳಿಗ್ಗೆ ಅರ್ಧ ಸುತ್ತು, ಸಂಜೆ ಅರ್ಧ ಸುತ್ತು ತಿರುಗಿಸಬೇಕು. ದಿನಕ್ಕೆ ಒಂದು ಮಿಲಿಮೀಟರಿನಷ್ಟು ಸೀಳು ಅಗಲವಾಗುತ್ತದೆ, ದವಡೆ ಅಷ್ಟೇ ಮುಂದಕ್ಕೆ ಬರುತ್ತದೆ. “ನಿಧಾನಕ್ಕೆ ಎಳೆದ್ರೆ ಮಧ್ಯದಲ್ಲಿ ಹೊಸ ಮೂಳೆ ತಾನೇ ಹುಟ್ಟುತ್ತೆ. ಜೋರಾಗಿ ಎಳೆದ್ರೆ ಹುಟ್ಟಲ್ಲ. ಎಳೆಯೋದು ಕಮ್ಮಿಯಾದ್ರೆ ಅರ್ಧಕ್ಕೇ ಕೂಡಿಕೊಂಡುಬಿಡುತ್ತೆ. ಆಗ ಮತ್ತೆ ಕತ್ತರಿಸ್ಬೇಕು” ಎಂದರು. ನಮಗೆ ಬೇಕಾಗಿದ್ದದ್ದು ಹದಿನಾರು ಮಿಲಿಮೀಟರು. ಅಂಟಿದ ಬಾಯಿ ಬಿಡಿಸುವುದೆಲ್ಲ ಆಮೇಲಿನ ಮಾತು, ಮೊದಲು ಉಸಿರಿಗೆ ದಾರಿಯಾಗಲಿ ಎಂದರು.

ಆಪರೇಷನ್ನಿನ ದಿನ ಕತ್ತರಿಸುವ ಕೆಲಸಕ್ಕಿಂತ ಕಷ್ಟವಾದದ್ದು ಅರಿವಳಿಕೆ ಕೊಡುವ ಕೆಲಸ. ಬಾಯಿ ತೆರೆಯದ ಮಗುವಿಗೆ ಮೂಗಿನಿಂದ ಕುರುಡು ಕುರುಡಾಗಿ ಕೊಳವೆ ಇಳಿಸಬೇಕು. ಎಷ್ಟೋ ಹೊತ್ತಿನ ಮೇಲೆ ಎಲ್ಲ ಮುಗಿದು ಅನಸ್ತೇಷಿಯಾ ಡಾಕ್ಟರು ಹೊರಗೆ ಬಂದಾಗ ಅವರ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ನನ್ನನ್ನು ಪಕ್ಕಕ್ಕೆ ಕರೆದು, “ಎರಡು ಸಲ ಕೈಬಿಟ್ಟು ಹೋಯ್ತು ಅಂದ್ಕೊಂಡೆ. ದವಡೆ ಮುಂದೆ ಬರೋತನಕ ಈ ಮಗೂಗೆ ಇನ್ನೊಂದು ಸಲ ಅನಸ್ತೇಷಿಯಾ ಕೊಡೋ ಧೈರ್ಯ ನನಗಿಲ್ಲ. ತಿರುಗಿಸೋದನ್ನ ಸರಿಯಾಗಿ ತಿರುಗಿಸಿ” ಎಂದರು. ಇಷ್ಟು ನೆನಪಿಟ್ಟುಕೊಂಡರೆ ಸಾಕು. ಮೂಳೆ ಅರ್ಧಕ್ಕೆ ಕೂಡಿದರೆ ಮತ್ತೆ ಕತ್ತರಿಸಬೇಕು, ಮತ್ತೆ ಕತ್ತರಿಸಲು ಹೋದರೆ ಮಗು ಉಳಿಯುವ ಭರವಸೆ ಇಲ್ಲ.

ಐದು ದಿನ ಆಸ್ಪತ್ರೆಯಲ್ಲೇ ಇಟ್ಟುಕೊಂಡು, ಗಡಿಯಾರಕ್ಕೆ ಕೀ ಕೊಡುವಂಥ ಒಂದು ಸಣ್ಣ ಕೀಲಿ ಕೊಟ್ಟು, ತಿರುಗಿಸುವುದನ್ನು ಒಂದು ಸಲ ತೋರಿಸಿ, ಮನೆಗೆ ಕಳಿಸಿದರು. ಅವತ್ತು ಸಂಜೆ ಕೀಲಿ ಹಿಡಿದು ಮಗಳ ಮುಂದೆ ಕೂತೆ. ನನ್ನ ಕೈ ನಡುಗಿ ಕೀಲಿ ಕಡ್ಡಿಗೆ ತಾಗಿತು. ಬಾಯಿ ತೆರೆಯದ ಮಗು ಕೂಗುವ ಕೂಗು ಹೇಗಿರುತ್ತದೆಂದು ಕೇಳಿದವರಿಗೆ ಮಾತ್ರ ಗೊತ್ತು. ಕೀಲಿ ನೆಲಕ್ಕೆ ಬಿತ್ತು. ನನ್ನ ಹೆಂಡತಿ ಎತ್ತಿಕೊಂಡು ತೊಳೆದು ಒಂದು ಕಡೆ ಹೇಗೋ ತಿರುಗಿಸಿದಳು, ಆಮೇಲೆ ಹಿತ್ತಿಲಿಗೆ ಓಡಿಹೋಗಿ ವಾಂತಿ ಮಾಡಿಕೊಂಡಳು.

ಬಾಗಿಲಲ್ಲಿ ಫಿಟ್ಟರಣ್ಣ ನಿಂತಿದ್ದರು. ಮೊಣಕೈವರೆಗೂ ಸೋಪು ಹಾಕಿ ಕೈ ತೊಳೆದುಕೊಂಡು ಬಂದಿದ್ದರು. ಜೇಬಿನಲ್ಲಿ ಕಾಟನ್ ವೇಸ್ಟು ಇರಲಿಲ್ಲ.

“ಕೊಡಿ ಸಾರ್. ಸ್ಕ್ರೂನೇ ಅಲ್ವ?” ಎಂದರು. ಮಗಳ ಮುಂದೆ ಚಕ್ಕಳಮಕ್ಕಳ ಹಾಕಿ ಕೂತರು. “ಪುಟ್ಟಿ, ನೋವಾದ್ರೆ ನನ್ನ ಮೊಣಕಾಲಿಗೆ ಒಂದು ಗುದ್ದು ಹಾಕು. ಅಲ್ಲೇ ನಿಲ್ಲಿಸ್ತೀನಿ.”

ಅವಳು ಒಂದು ಗುದ್ದನ್ನೂ ಹಾಕಲಿಲ್ಲ. ಅಷ್ಟು ಹಗುರ ಆ ಕೈ. ಮಾರನೆಯ ದಿನದಿಂದ ಅವರ ಶಿಫ್ಟು ಯಾವುದೇ ಇರಲಿ, ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಬರುತ್ತಿದ್ದರು. ಮೊದಲ ದಿನವೇ ಕಾರ್ಖಾನೆಯ ಅಳತೆಯ ಉಪಕರಣ ವರ್ನಿಯರನ್ನು ನೀರಿನಲ್ಲಿ ಕುದಿಸಿ ತಂದು, ಎರಡು ಕಡ್ಡಿಗಳ ನಡುವಿನ ಅಂತರವನ್ನು ಕೂದಲೆಳೆಯಷ್ಟು ತಪ್ಪದಂತೆ ಅಳೆದು ನಮ್ಮ ಗೋಡೆಯ ಕ್ಯಾಲೆಂಡರಿನ ಮೂಲೆಯಲ್ಲಿ ಪೆನ್ಸಿಲಿನಿಂದ ಬರೆದಿಟ್ಟಿದ್ದರು. ನಾನು ಪಕ್ಕದಲ್ಲಿ ನಿಂತು ಮಗಳ ತಲೆ ಹಿಡಿದುಕೊಳ್ಳುತ್ತಿದ್ದೆ, ಆದರೆ ಕಣ್ಣು ಮಾತ್ರ ಆ ಕ್ಯಾಲೆಂಡರಿನ ಮೇಲೆ. ಆ ತಿಂಗಳ ಏಕಾದಶಿ, ಸಂಕಷ್ಟಿ, ರಾಹುಕಾಲ ಎಲ್ಲ ನನಗೆ ಈಗಲೂ ಬಾಯಿಪಾಠ. ಹೆಂಡತಿ ಅಡುಗೆಮನೆಯಿಂದ ಹೊರಗೇ ಬರುತ್ತಿರಲಿಲ್ಲ. “ಫಿಟ್ಟರ್ ಮಾಮ ತಿರುಗ್ಸಿದ್ರೆ ನೋವೇ ಇಲ್ಲ” ಎಂದು ಮಗಳು ಹಲ್ಲಿನ ಸಂದಿಯಿಂದ ಹೇಳಿದಳು. ಅವರ ಕೈಗುಣವನ್ನು ನಾವು ಸಾಲಿನ ಮನೆಗಳಿಗೆಲ್ಲ ಸಾರಿಕೊಂಡು ಬಂದೆವು.

ಆರು ದಿನವಾಯಿತು. ಆರನೆಯ ದಿನ ಸಂಜೆ ಮತ್ತೆ ವರ್ನಿಯರ್ ಕುದಿಸಿಕೊಂಡು ಬಂದರು. “ಎಷ್ಟು ಬಂದಿದೆ ನೋಡಣ ಸಾರ್. ಆರು ಇರ್ಬೇಕು” ಎಂದು ಉತ್ಸಾಹದಿಂದ ಅಳೆದರು. ಕ್ಯಾಲೆಂಡರಿನ ಮೂಲೆ ನೋಡಿದರು. ಇನ್ನೊಂದು ಕಡೆ ಅಳೆದರು. ವರ್ನಿಯರನ್ನು ಒರೆಸಿ, ಬೆಳಕಿಗೆ ಹಿಡಿದು, ಮತ್ತೆ ಅಳೆದರು. ನಾನು ಎಷ್ಟು ಎಂದು ಕೇಳಿದೆ. “ಐದು ನಿಮಿಷ ಸಾರ್, ಬಂದೆ” ಎಂದು ಎದ್ದುಹೋದರು.

ವಾಪಸು ಬಂದಾಗ ಅವರ ಮುಖ ಬಿಳಿಚಿಕೊಂಡಿತ್ತು. ಕೈಯಲ್ಲಿ ತೂತು ಕೊರೆದ ಒಂದು ಕಬ್ಬಿಣದ ತುಂಡು ಮತ್ತು ಟ್ಯಾಪು. ತೂತಿನ ಒಳಗೆ ತಿರುಪಿನ ಎಳೆ ಕೊರೆಯುವ ಉಪಕರಣ ಅದು. ಮಗಳನ್ನು ಒಳಗೆ ಕಳಿಸಲು ಹೇಳಿ, ನಮ್ಮಿಬ್ಬರ ಮುಂದೆ ನೆಲದ ಮೇಲೆ ಕೂತು ಟ್ಯಾಪನ್ನು ತೂತಿಗಿಟ್ಟು ತಿರುಗಿಸತೊಡಗಿದರು.

“ನನ್ನ ಕೈ ನೋಡಿ ಸಾರ್. ಎಳೆ ಕೊರೀಬೇಕಾದ್ರೆ ಅರ್ಧ ಸುತ್ತು ಮುಂದೆ ಹೋದ್ಮೇಲೆ ಕಾಲು ಸುತ್ತು ಹಿಂದೆ ಬರ್ಬೇಕು. ಆಗ ಒಳಗಿನ ಚೂರು ಕಟ್ಟಾಗ್ತದೆ. ಬರ್ದೆ ಇದ್ರೆ ಟ್ಯಾಪು ಒಳಗೇ ಮುರೀತದೆ. ಹದಿನೆಂಟನೇ ವಯಸ್ಸಿಂದ ಹಿಂಗೇ.” ಆಮೇಲೆ ಟ್ಯಾಪು ಕೆಳಗಿಟ್ಟು, ಮಗಳ ಕೀಲಿ ತೆಗೆದುಕೊಂಡು, ಸುಮ್ಮನೆ ಗಾಳಿಯಲ್ಲಿ ಅರ್ಧ ಸುತ್ತು ತಿರುಗಿಸಿದರು. ಕೈ ತಾನಾಗಿ ಕಾಲು ಸುತ್ತು ಹಿಂದಕ್ಕೆ ಬಂತು.

“ಆರು ದಿನಾನೂ ಹಿಂಗೇ ಮಾಡಿದೀನಿ ಸಾರ್. ನನಗೇ ಗೊತ್ತಿಲ್ಲ. ಆರು ಬರೋ ಕಡೆ ಮೂರೇ ಬಂದಿದೆ.”

ನೋವಾಗದೇ ಇದ್ದದ್ದು ಯಾಕೆಂದು ಆಗ ಅರ್ಥವಾಯಿತು. ದಿನಕ್ಕೆ ಅರ್ಧ ಮಿಲಿಮೀಟರು. ಎಳೆಯುವುದು ಕಮ್ಮಿಯಾದರೆ ಕೂಡಿಕೊಂಡುಬಿಡುತ್ತದೆ ಎಂದ ಸರ್ಜನ್ನಿನ ಮಾತು, ಬೆನ್ನಿಗೆ ಅಂಟಿದ ಆ ಅಂಗಿ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಹೆದರಿದವನಿಗೆ ಸಿಟ್ಟು ಬೇಗ ಬರುತ್ತದೆ.

“ನನ್ನ ಮಗಳೇನು ಕಬ್ಬಿಣದ ತುಂಡಾ?” ಎಂದು ಕಿರುಚಿದೆ. ಸಾಲಿನವರೆಲ್ಲ ಬಾಗಿಲಿಗೆ ಬಂದರು. ಇನ್ನೂ ಏನೇನೋ ಅಂದೆ, ಬರೆಯಲು ನಾಚಿಕೆಯಾಗುತ್ತದೆ. ಅವರು ತಲೆ ಬಗ್ಗಿಸಿ, ತಮ್ಮ ಬಲಗೈಯನ್ನು ಬೇರೆ ಯಾರದೋ ಎಂಬಂತೆ ನೋಡುತ್ತ ನಿಂತಿದ್ದರು. ನನ್ನ ಬಾಯಿ ಮುಚ್ಚಿಸಿದವಳು ನನ್ನ ಹೆಂಡತಿ.

“ಅಣ್ಣನ್ನ ಬೈತೀರಲ್ಲ, ಆರು ದಿನ ಪಕ್ಕದಲ್ಲೇ ನಿಂತಿದ್ರಿ. ನೀವು ಎಲ್ಲಿ ನೋಡ್ತಿದ್ರಿ?”

ನಾನು ಹೊರಗೆ ಹೋಗಿ ಜಗುಲಿಯ ಮೆಟ್ಟಿಲ ಮೇಲೆ ಕೂತೆ.

ವರ್ಷಗಳಾದ ಮೇಲೆ, ಅವರು ನಿವೃತ್ತರಾದ ಹೊಸದರಲ್ಲಿ, ಚಹಾ ಕುಡಿಯುತ್ತ ಒಮ್ಮೆ ಕೇಳಿದೆ. ನೀವು ಹೇಳದೇ ಇದ್ದಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ, ಸದ್ದಿಲ್ಲದೆ ಮೂರು ಸುತ್ತು ಹೆಚ್ಚು ತಿರುಗಿಸಿ ಸರಿಮಾಡಿಬಿಡಬೇಕು ಅನ್ನಿಸಲಿಲ್ಲವೇ ಎಂದು. “ಅನ್ನಿಸ್ತು ಸಾರ್, ಸುಳ್ಳು ಯಾಕೆ ಹೇಳ್ಲಿ. ಕೀಲಿ ಕೈಯಲ್ಲೇ ಇತ್ತು. ಆದ್ರೆ ಅದಕ್ಕೂ ಹೆದರಿಕೆ ಆಯ್ತು” ಎಂದರು. ಅವರ ಹೆದರಿಕೆ ಅಂಥದ್ದು, ತಪ್ಪನ್ನು ಮುಚ್ಚಿಡುವುದಕ್ಕೂ ಬಿಡದ ಹೆದರಿಕೆ. ನನ್ನದು ಕ್ಯಾಲೆಂಡರ್ ನೋಡಿಸುವ ಹೆದರಿಕೆ.

ನಾನು ಕಿರುಚಾಡಿದ ಆ ಸಂಜೆಯ ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೇ ಶಿವಮೊಗ್ಗಕ್ಕೆ ಹೊರಟೆವು. ಅವರೂ ರಜೆ ಹಾಕಿ ಬಂದರು. ಬರಬೇಡಿ ಎಂದು ನಾನು ಹೇಳಿದ್ದೆ. ನಮ್ಮಿಂದ ಎರಡು ಸೀಟು ಹಿಂದೆ, ಒಗೆದ ಬಿಳಿ ಅಂಗಿ ಹಾಕಿಕೊಂಡು, ಎರಡೂ ಕೈಗಳನ್ನು ತೊಡೆಯ ಸಂದಿಯಲ್ಲಿ ಅದುಮಿಟ್ಟುಕೊಂಡು ಕೂತಿದ್ದರು. ಕಡ್ಡಿಗಳು ಕಾಣದಂತೆ ಮಗಳ ಮುಖಕ್ಕೆ ದುಪಟ್ಟಾ ಸುತ್ತಿದ್ದೆವು. ಬಸ್ಸು ಗುಂಡಿಗೆ ಇಳಿದಾಗಲೆಲ್ಲ ಹಿಂದಿನಿಂದ “ನಿಧಾನ, ನಿಧಾನ” ಎಂದು ಅವರು ಡ್ರೈವರಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿಕೊಳ್ಳುವುದು ನನಗೆ ಕೇಳಿಸುತ್ತಿತ್ತು. ನಾನು ತಿರುಗಿ ನೋಡಲಿಲ್ಲ.

ಸರ್ಜನ್ನಿನ ಕೋಣೆಯಲ್ಲಿ ನಾನು ಬಾಯಿ ತೆರೆಯುವ ಮೊದಲೇ ಅವರು ಮುಂದೆ ಬಂದರು. “ತಪ್ಪು ನಂದು ಡಾಕ್ಟ್ರೇ. ಇವ್ರದ್ದಲ್ಲ.” ಎಲ್ಲವನ್ನೂ ಹೇಳಿದರು, ಗಾಳಿಯಲ್ಲಿ ಕೈ ತಿರುಗಿಸಿ ತೋರಿಸಿದರು ಕೂಡ. ಡಾಕ್ಟರು ಎಕ್ಸ್‌ರೇ ತೆಗೆಸಿದರು. ಫಿಲ್ಮು ಬರಲು ಅರ್ಧ ಗಂಟೆ ಹಿಡಿಯಿತು. ಫಿಲ್ಮು ಬಂದಾಗ ಡಾಕ್ಟರು ಅದನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಇನ್ನೂ ಪೂರ್ತಿ ಕೂಡಿಲ್ಲ. ಆದ್ರೆ ಕೂಡೋಕೆ ಹೊರಟಿದೆ” ಎಂದರು. ನಾಲ್ಕು ದಿನ ಎರಡು ಸಲದ ಬದಲು ಮೂರು ಸಲ ತಿರುಗಿಸಬೇಕು, ಆಮೇಲೆ ಮೊದಲಿನ ಲೆಕ್ಕ. “ಈಗ ನೋವಿರುತ್ತೆ, ನಿಲ್ಲಿಸ್ಬೇಡಿ. ಕೀಲಿ ತಿರುಗದೆ ಬಿಗಿದು ನಿಂತ್ರೆ ಮಾತ್ರ ಬಲ ಹಾಕ್ಬೇಡಿ. ಕೂಡಿಬಿಟ್ಟಿದೆ ಅಂತ ಅರ್ಥ. ಕೂಡ್ಲೇ ಬನ್ನಿ.” ಕೂಡಲೇ ಬಂದು ಏನು ಮಾಡುವುದೆಂದು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಫಿಟ್ಟರಣ್ಣನಿಗೆ ಒಂದು ಮಾತೂ ಬೈಯಲಿಲ್ಲ. ಬೈದದ್ದು ನನಗೆ. “ನೀವು ತಂದೆ. ನೀವು ನೋಡ್ಬೇಕಿತ್ತು.”

ಅವತ್ತು ಮಧ್ಯಾಹ್ನ ಮನೆಯಲ್ಲಿ ಕೀಲಿಯನ್ನು ಮುಟ್ಟಲು ಅವರು ಒಪ್ಪಲಿಲ್ಲ. “ಈ ಕೈ ನಂಬಬೇಡಿ ಸಾರ್. ನಾನು ಬೇಡ ಅಂದ್ರೂ ಹಿಂದಕ್ಕೆ ಬರ್ತದೆ” ಎಂದು ಬಾಗಿಲಾಚೆಯೇ ನಿಂತರು. ನಾನು ಹಿಡಿದೆ. ಕೀಲಿ ನನ್ನ ಕೈಯಲ್ಲಿ ಕಂಡದ್ದೇ ಮಗಳು ಗೋಡೆಗೆ ಅಂಟಿಕೊಂಡಳು. ನನ್ನ ಹೆಂಡತಿ ಅಳತೊಡಗಿದಳು. ಹೊತ್ತು ಹೋಗುತ್ತಿತ್ತು, ಅಷ್ಟು ಹೊತ್ತೂ ಒಳಗೆ ಮೂಳೆ ಕೂಡುತ್ತಿತ್ತು. ದಾರಿ ತೋರಿಸಿದವಳು ಎಂಟು ವರ್ಷದ ಹುಡುಗಿ. ಹಲ್ಲಿನ ಸಂದಿಯಿಂದ, ಒಂದೊಂದೇ ಮಾತು.

“ಮಾಮ ತಿರುಗ್ಸಲಿ. ಅಪ್ಪ ಮಾಮನ ಕೈ ಹಿಡ್ಕೊಳ್ಳಲಿ.”

ಹಾಗೆಯೇ ಮಾಡಿದೆವು. ಅವರು ಕೀಲಿ ಕೂರಿಸಿದರು. ನಾನು ಅವರ ದಪ್ಪ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದೆ. ಈ ಸಲ ಕ್ಯಾಲೆಂಡರ್ ನೋಡುವಂತಿರಲಿಲ್ಲ. ಮಗಳ ಕೆನ್ನೆಯನ್ನು, ಕಡ್ಡಿಯ ಸುತ್ತ ಕೆಂಪಾಗಿ ಬಿಗಿದ ಚರ್ಮವನ್ನು, ಅವಳ ಕಣ್ಣನ್ನು ಮೊದಲ ಸಲ ಅಷ್ಟು ಹತ್ತಿರದಿಂದ ನೋಡಿದೆ. ಕೀಲಿ ಅಲುಗಲಿಲ್ಲ. ಅವರು ನನ್ನ ಮುಖ ನೋಡಿದರು. ಅವರ ಹಣೆಯ ಬೆವರು ನನ್ನ ಕೈಮೇಲೆ ಬಿತ್ತು. ಮಗಳು ಅವರ ಮೊಣಕಾಲಿಗೆ ಗುದ್ದಲಿಲ್ಲ, ಅವರ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಮತ್ತೆ ಒಂದಿಷ್ಟು ಒತ್ತಿದರು. ಕೀಲಿ ಒಮ್ಮೆ ತಡೆದು, ಆಮೇಲೆ ಹೊರಳಿತು. ಅರ್ಧ ಸುತ್ತು ಮುಗಿದ ಕ್ಷಣ ನನ್ನ ಹಿಡಿತದೊಳಗೆ ಆ ಮಣಿಕಟ್ಟು ಹಿಂದಕ್ಕೆ ಜಗ್ಗಿತು, ಹಗ್ಗ ಕಟ್ಟಿದ ಕರು ಜಗ್ಗಿದ ಹಾಗೆ.

“ಬಿಡಬೇಡಿ ಸಾರ್, ಬಿಡಬೇಡಿ” ಎಂದರು.

ನಾನು ಬಿಡಲಿಲ್ಲ. ಅವರು ಕೀಲಿಯನ್ನು ಹೊರಗೆಳೆಯುವವರೆಗೂ ಹಿಡಿದೇ ಇದ್ದೆ. ಹನ್ನೊಂದು ದಿನ ಹೀಗೇ ನಡೆಯಿತು. ಪ್ರತಿ ಸಲವೂ ಕೀಲಿ ಕೂರಿಸುವಾಗ ಇದು ತಿರುಗದೇ ನಿಂತರೆ ಎಂದು ಇಬ್ಬರ ಎದೆಯೂ ಹೊಡೆದುಕೊಳ್ಳುತ್ತಿತ್ತು. ಅವರ ನಾಡಿ ನನ್ನ ಬೆರಳಿಗೇ ಸಿಗುತ್ತಿತ್ತಾದ್ದರಿಂದ ಇದನ್ನು ಊಹೆಯ ಮೇಲೆ ಹೇಳುತ್ತಿಲ್ಲ. ಮೊದಲಿನ ಹಾಗೆ ನೋವಿಲ್ಲದ ಕೈಯಾಗಿರಲಿಲ್ಲ ಅದು. ಮಗಳು ಅಳುತ್ತಿದ್ದಳು, ಅವರೂ ಅಳುತ್ತಿದ್ದರು, ಆದರೂ ತಿರುಗಿಸುತ್ತಿದ್ದರು. ಆರನೆಯ ದಿನದ ಹೊತ್ತಿಗೆ ಮಣಿಕಟ್ಟಿನ ಜಗ್ಗು ಕಮ್ಮಿಯಾಯಿತು, ಎಂಟನೆಯ ದಿನ ನಿಂತೇ ಹೋಯಿತು. ಆದರೂ ಹಿಡಿದುಕೊಳ್ಳುವುದನ್ನು ಬಿಡಲು ಅವರು ಒಪ್ಪಲಿಲ್ಲ. ಆ ದಿನಗಳಲ್ಲೇ ಕಾರ್ಖಾನೆಯಲ್ಲಿ ಅವರು ಎರಡು ಟ್ಯಾಪು ಮುರಿದರೆಂದು ಅವರ ಜೊತೆಗಾರನೊಬ್ಬ ಗೇಟಿನ ಹತ್ತಿರ ನನಗೆ ಹೇಳಿದ. ಇಪ್ಪತ್ತೆಂಟು ವರ್ಷದಲ್ಲಿ ಒಂದೂ ಮುರಿಯದವರು. ಕೈ ಹಿಂದಕ್ಕೆ ಬರುವುದನ್ನೇ ಮರೆತುಬಿಟ್ಟಿತ್ತು. ಅವರಾಗಿ ಅದನ್ನು ಯಾವತ್ತೂ ನನಗೆ ಹೇಳಲಿಲ್ಲ.

ಆ ಹನ್ನೊಂದರಲ್ಲಿ ಹತ್ತನೆಯ ದಿನ ಭಾನುವಾರ. ಮಧ್ಯಾಹ್ನ ಗಂಜಿ ಕುಡಿದು ಮಗಳು ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿದ್ದಳು. ಹೆಂಡತಿ ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ನಾನು ಬಾಗಿಲ ಬಳಿ ಕೂತು ನನ್ನ ಆಫೀಸಿನ ಅಂಗಿಗೆ ಇಸ್ತ್ರಿ ಹಾಕುತ್ತಿದ್ದೆ. ಪಕ್ಕದ ಮನೆಯ ಬಾಗಿಲು ಧಡಾರೆಂದು ತೆರೆದುಕೊಂಡಿತು. ಫಿಟ್ಟರಣ್ಣ ಬರಿಗಾಲಲ್ಲಿ, ಊಟದ ಎಂಜಲು ಕೈಯಲ್ಲೇ ಓಡಿಬಂದು ಹೊಸ್ತಿಲ ಮೇಲೆ ನಿಂತರು. ಗೋಡೆಯನ್ನು ತೋರಿಸಿದರು, ಆಮೇಲೆ ಕಿವಿಯನ್ನು.

“ಸದ್ದಿಲ್ಲ ಸಾರ್” ಎಂದರು. “ಆಗ್ಲಿಂದ ಎಣಿಸ್ತಿದೀನಿ. ಸದ್ದೇ ಇಲ್ಲ.”

ನಾನೂ ಆಗ ಕೇಳಿಸಿಕೊಂಡೆ. ಗೊರಕೆ ಇರಲಿಲ್ಲ, ಉಸಿರೆಳೆದುಕೊಳ್ಳುವ ಸದ್ದೂ ಇರಲಿಲ್ಲ. ಎಷ್ಟು ಹೊತ್ತಿನಿಂದ ಇಲ್ಲವೋ ನನಗೆ ಗೊತ್ತಿರಲಿಲ್ಲ. ಇಸ್ತ್ರಿ ಪೆಟ್ಟಿಗೆಯನ್ನು ಬಟ್ಟೆಯಿಂದ ಎತ್ತಿ ಹಿಡಿದುಕೊಂಡು ಕೂತೇ ಇದ್ದೆ. ನನ್ನನ್ನು ದಾಟಿಕೊಂಡು ಅವರೇ ಒಳಗೆ ಹೋಗಿ ಚಾಪೆಯ ಪಕ್ಕ ಮೊಣಕಾಲೂರಿದರು. ಎಡಗೈಯ ಹಿಂಬದಿಯನ್ನು ಅವಳ ಮೂಗಿನ ಹತ್ತಿರ ಹಿಡಿದರು. ಹಿಡಿದೇ ಇದ್ದರು. ಆ ಕೈಯನ್ನು ಅಂಗಿಗೆ ಒರೆಸಿಕೊಂಡು ಮತ್ತೆ ಹಿಡಿದರು.

“ನಂಗೆ ಗೊತ್ತಾಗ್ತಿಲ್ಲ ಸಾರ್. ನೀವು ಬನ್ನಿ. ನೀವು ನೋಡಿ.”

ಹೋದೆ. ಬಗ್ಗಿದೆ. ದವಡೆ ಮುಂದೆ ಬಂದು ಮಗಳ ಎರಡು ತುಟಿಗಳೂ ಕೂಡಿಕೊಂಡಿದ್ದವು, ಎಷ್ಟೋ ವರ್ಷಗಳಿಂದ ಅವಳ ಮಲಗಿದ ಮುಖವನ್ನು ಹಾಗೆ ನೋಡಿದ ನೆನಪೇ ನನಗಿಲ್ಲ. ಅವಳ ಮೂಗಿನ ಕೆಳಗೆ ಬೆರಳಿಟ್ಟೆ. ಬೆಚ್ಚಗೆ ತಾಗಿತು. ಹೋಯಿತು. ಎಣಿಸತೊಡಗಿದೆ. ಎರಡು ಎನ್ನುವಷ್ಟರಲ್ಲಿ ಮತ್ತೆ ಬಂತು. ಮತ್ತೆ ಎಣಿಸಿದೆ. ಮತ್ತೆ ಎರಡಕ್ಕೇ ಬಂತು.

“ಬರ್ತಿದೆ” ಎಂದೆ.

“ಸರಿಯಾಗಿ ನೋಡಿ ಸಾರ್” ಎಂದರು.

ಸರಿಯಾಗಿ ನೋಡಿದೆ. ಅವಳು ನಿದ್ದೆ ಮುಗಿಸಿ ತಾನಾಗಿ ಕಣ್ಣು ಬಿಡುವವರೆಗೂ ಇಬ್ಬರೂ ಅಲ್ಲಿಂದ ಏಳಲಿಲ್ಲ, ನಾನು ಬೆರಳನ್ನೂ ತೆಗೆಯಲಿಲ್ಲ.